ತಜ್ಞ ಕೂರಿಸಿದ ವಾಲ್ಯೂಮ್ ನಾಬು

ಅವನಿಗೆ ‘ತಜ್ಞ’ ಎಂದು ಹೆಸರಿಟ್ಟವನು ಅವನ ಸ್ವಂತ ಅಣ್ಣ. ಮನೆಯ ಮಿಕ್ಸರನ್ನು ರಿಪೇರಿ ಮಾಡುತ್ತೇನೆಂದು ಬಿಚ್ಚಿ ಮತ್ತೆ ಜೋಡಿಸಿದಾಗ ಒಂದು ಹಿಡಿ ಸ್ಕ್ರೂ ಮಿಕ್ಕಿದ್ದವು. ಕಂಪನಿಯವರು ಸುಮ್ಮನೆ ಹೆಚ್ಚಿಗೆ ಹಾಕಿರುತ್ತಾರೆ ಎಂದ ಇವನು. ಅಣ್ಣ ಕೈಮುಗಿದು, “ಆಯ್ತಪ್ಪ ತಜ್ಞ” ಎಂದ. ಅದು ಕುಟುಕಿನ ಮಾತೆಂದು ಮನೆಯ ಬೆಕ್ಕಿಗೂ ತಿಳಿದಿರಬೇಕು. ಇವನು ಮಾತ್ರ ಬಿರುದೆಂದುಕೊಂಡು ಅದನ್ನೇ ಅಂಗಡಿಯ ಬೋರ್ಡಿನಲ್ಲಿ ಬರೆಸಿದ: ‘ಕಾರ್ ಆಡಿಯೋ ತಜ್ಞ’.

ಅಂಗಡಿ ಎಂದರೆ ಅತ್ತಿಗೆಯ ಶೆಡ್ಡಿನ ಅರ್ಧ ಭಾಗ. ಅಣ್ಣ ಲಾರಿ ಓಡಿಸಿಕೊಂಡು ಊರೂರು ತಿರುಗುವವನು. ಅತ್ತಿಗೆ ಶೆಡ್ಡಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕಾರುಗಳಿಗೆ ಸೀಟ್ ಕವರ್ ಹೊಲಿಯುತ್ತಿದ್ದಳು. ಮೈದುನ ಕೆಲಸವಿಲ್ಲದೆ ಮನೆಯಲ್ಲಿ ಕಾಲು ಚಾಚಿಕೊಂಡು ಬಿದ್ದಿರುವುದಕ್ಕಿಂತ ಇಲ್ಲೇ ಇರಲಿ ಎಂದು ಜಾಗ ಬಿಟ್ಟುಕೊಟ್ಟಿದ್ದಳು. ಅದಕ್ಕೂ ಮುಂಚೆ ಒಬ್ಬರ ಗ್ಯಾರೇಜಿನಲ್ಲಿ ಅವನು ಕೆಲಸ ಕಲಿಯಲು ಹೋಗಿದ್ದ. ಅವರು ಹೊರಗೆ ಹಾಕಿದರು. ಅವರ ಹತ್ತಿರ ಕಲಿಯುವಂಥದ್ದು ಏನೂ ಉಳಿದಿರಲಿಲ್ಲ, ಅದಕ್ಕೇ ಬಿಟ್ಟೆ ಎಂದು ಎಲ್ಲರಿಗೂ ಹೇಳಿಕೊಂಡ.

ಗಿರಾಕಿ ಬಾಯಿ ತೆರೆಯುವ ಮೊದಲೇ “ಗೊತ್ತಾಯ್ತು” ಎನ್ನುವುದು ಅವನ ಚಾಳಿ. ಏನು ಗೊತ್ತಾಯಿತೋ ದೇವರೇ ಬಲ್ಲ. ಯಾರು ಏನೇ ಕೇಳಿದರೂ ಕೊನೆಗೆ ಅವರ ಡ್ಯಾಶ್‌ಬೋರ್ಡಿನಲ್ಲಿ ಒಂದು ತೂತು, ತೂತಿನ ಸುತ್ತ ನೀಲಿ ದೀಪ. ಅಳತೆ ತೆಗೆಯುವುದೆಂದರೆ ಅವನಿಗೆ ಅವಮಾನ. ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ನೋಡಿ, ಡ್ರಿಲ್ಲು ಹಾಕಿಬಿಡುತ್ತಿದ್ದ. ಒಡೆದ ಕ್ಲಿಪ್ಪುಗಳನ್ನು ಕಾಲಿನಿಂದ ಮೂಲೆಗೆ ನೂಕುತ್ತಿದ್ದ. ಸಡಿಲಾದ ಕಡೆಗೆಲ್ಲ ಅಂಟು ಮೆತ್ತುತ್ತಿದ್ದ.

ಒಂದು ದಿನ ಬೇಕರಿಯ ಒಡತಿ ಬಂದಳು. ಬೆಳಿಗ್ಗೆ ಸಂಜೆ ಅಂಗಡಿ ಅಂಗಡಿಗೆ ತಾನೇ ಕಾರಿನಲ್ಲಿ ಬ್ರೆಡ್ಡು ಮುಟ್ಟಿಸುವ ಹೆಂಗಸು. ಅವಳ ಎಡಭುಜ ಹಿಡಿದುಕೊಂಡುಬಿಟ್ಟಿತ್ತು. ಗೇರ್ ಹಾಕುವಷ್ಟು ಕೈ ಆಡುತ್ತಿತ್ತು, ಅದಕ್ಕಿಂತ ಮೇಲೆ ಏಳುತ್ತಿರಲಿಲ್ಲ, ಮುಂದಕ್ಕೂ ಚಾಚಲಾಗುತ್ತಿರಲಿಲ್ಲ. ಓಡಿಸುವಾಗ ರೇಡಿಯೊ ಬೇಕು. ಆದರೆ ಸದ್ದು ಕಡಿಮೆ ಮಾಡಬೇಕೆಂದರೆ ಪ್ರತಿ ಸಲ ಕಾರು ನಿಲ್ಲಿಸಬೇಕು. ಅದಕ್ಕೆ ಬಲಗಡೆಯ ಬಾಗಿಲಿನ ಒಳಹೊದಿಕೆಯಲ್ಲಿ, ಮೊಣಕೈ ಊರುವ ಕಡೆ, ಒಂದು ವಾಲ್ಯೂಮ್ ನಾಬು ಕೂರಿಸಿಕೊಡಿ ಎಂದು ಕೇಳಿದಳು. ಇವನು ಗಾಜಿನಲ್ಲಿ ತನ್ನ ಕ್ರಾಪು ನೋಡಿಕೊಳ್ಳುತ್ತ “ಗೊತ್ತಾಯ್ತು ಮೇಡಂ” ಎಂದ. ನಂಬಿಕೆ ಬಾರದೆ ಅತ್ತಿಗೆಯೇ ಎದ್ದುಬಂದಳು. ಆ ಹೆಂಗಸಿನ ಕೈಯನ್ನು ಬಾಗಿಲ ಮೇಲೆ ಇಡಿಸಿ, ಬೆರಳು ಸಲೀಸಾಗಿ ತಲುಪುವ ಕಡೆ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕಿದಳು.

ಮಧ್ಯಾಹ್ನ ಅತ್ತಿಗೆ ರೆಕ್ಸಿನ್ ತರಲು ಹೋದಳು. ತಜ್ಞ ಒದ್ದೆ ಬಟ್ಟೆಯಲ್ಲಿ ಗುರುತನ್ನು ಒರೆಸಿಹಾಕಿದ. ಬಾಗಿಲಲ್ಲಿ ಕೂರಿಸಿದರೆ ಯಾರ ಕಣ್ಣಿಗೆ ಬಿದ್ದೀತು? ಡ್ಯಾಶ್‌ಬೋರ್ಡಿನ ಎಡತುದಿಯಲ್ಲಿ, ಪಕ್ಕದ ಸೀಟಿನವರ ಮೂಗಿನ ನೇರಕ್ಕೆ, ಅಲ್ಲಿದ್ದ ಚಂದದ ಅಲಂಕಾರದ ಪಟ್ಟಿಯನ್ನು ಕೊರೆದು ನಾಬು ಕೂರಿಸಿದ. ಎರಡೆರಡು ನಾಬು ಇದ್ದರೆ ಅಸಹ್ಯ ಎಂದು ರೇಡಿಯೊದಲ್ಲಿದ್ದ ಮೊದಲಿನದರ ವೈರು ಕಿತ್ತುಬಿಟ್ಟ.

ಸಂಜೆ ಬೇಕರಿಯವಳು ಬಂದಾಗ ಸದ್ದನ್ನು ತುದಿಗೇರಿಸಿ, ಮದುವೆ ಗಂಡಿನ ಹಾಗೆ ನಿಂತಿದ್ದ. ಅವಳು ಕೂತು ಬೆಲ್ಟು ಹಾಕಿಕೊಂಡು ಕೈ ನೀಡಿ ನೋಡಿದಳು. ಅರ್ಧ ದಾರಿಯಲ್ಲೇ ಕೈ ನಿಂತಿತು.

“ಇದು ನನಗೆ ಎಟುಕಲ್ಲ.”

“ಸ್ವಲ್ಪ ಬಗ್ಗಿದ್ರೆ ಸಿಗುತ್ತೆ ಮೇಡಂ.”

“ಬಗ್ಗೋಕಾಗಲ್ಲ ಅಂತಾನೇ ನಿಮ್ಮ ಹತ್ರ ಬಂದಿದ್ದು.”

“ಅಭ್ಯಾಸ ಆಗುತ್ತೆ ಬಿಡಿ.”

ಅವಳು ಜಗಳ ಕಾಯಲಿಲ್ಲ. ಸಂಜೆಯ ಬ್ರೆಡ್ಡು ಹಂಚಲು ಹೊರಟಿದ್ದೇನೆ, ನಿಮ್ಮ ಕೆಲಸ ಹೇಗಿದೆ ನೀವೇ ಹಿಂದೆ ಕೂತು ಕೇಳಿ ಎಂದಳು. ಹೊಗಳಿಕೆ ಎಂದರೆ ಬಾಯಿ ಬಿಡುವವನಲ್ಲವೇ, ಹಿಂದಿನ ಸೀಟಿಗೆ ನುಗ್ಗಿದ. ಪಕ್ಕದಲ್ಲಿ ಬ್ರೆಡ್ಡಿನ ಕ್ರೇಟು, ತೊಡೆಯ ಮೇಲೆ ಇನ್ನೊಂದು. ಹಿಂದಿನ ಬಾಗಿಲುಗಳು ಒಳಗಿನಿಂದ ತೆರೆಯುವಂಥವಲ್ಲ. ಮೊಮ್ಮಕ್ಕಳಿಗಾಗಿ ಹಾಗೆ ಲಾಕ್ ಮಾಡಿಸಿದ್ದಳು. ಅವಳು ಕಿವಿಗೆ ಹತ್ತಿ ತುರುಕಿಕೊಂಡು ಗಾಡಿ ಬಿಟ್ಟಳು.

ಸ್ಪೀಕರು ಇದ್ದದ್ದು ಅವನ ತಲೆಯ ಹಿಂದೆಯೇ. ಮೊದಲ ತಿರುವಿಗೆ ಅವನ ನಗು ಹೋಯಿತು. ಆಮೇಲೆ ಹಲ್ಲುಗಳು ಅದುರತೊಡಗಿದವು. ಹೊಟ್ಟೆಯೊಳಗೆ ಯಾರೋ ಡ್ರಿಲ್ಲು ಹಾಕಿದ ಹಾಗಾಯಿತು. ನಿಲ್ಲಿಸಿ ಎಂದು ಕಿರುಚಿದ. ತನ್ನ ಕೂಗು ತನಗೇ ಕೇಳಲಿಲ್ಲ. ಪ್ರತಿ ಅಂಗಡಿಯ ಮುಂದೆಯೂ ಅವಳು ಇಂಜಿನ್ ಆರಿಸದೆ ಇಳಿದು, ಮುಂದಿನ ಸೀಟಿನಲ್ಲಿದ್ದ ಬ್ರೆಡ್ಡು ಕೊಟ್ಟು, ಸಮಾಧಾನವಾಗಿ ಎರಡು ಮಾತಾಡಿ ಬರುತ್ತಿದ್ದಳು. ಒಬ್ಬ ಅಂಗಡಿಯ ಮುದುಕ ಬಗ್ಗಿ ಒಳಗೆ ನೋಡಿದ. ಇವನು ಕಾಪಾಡಿ ಎಂದು ಬಾಯಿ ಬಾಯಿ ಬಡಿದುಕೊಂಡ. ಜೊತೆಗೆ ಹಾಡುತ್ತಿದ್ದಾನೆಂದು ತಿಳಿದು ಮುದುಕ ತಲೆದೂಗಿದ.

ಅಂತೂ ಶೆಡ್ಡಿಗೆ ಮರಳಿ ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು. ಬಾಗಿಲು ತೆಗೆದ ಅತ್ತಿಗೆಯನ್ನು ಹಿಡಿದುಕೊಂಡೇ ಇಳಿದ. ಕಣ್ಣಲ್ಲಿ ನೀರಿತ್ತು ಎಂಬುದು ನಿಜ. ಆ ಕ್ಷಣ ಅತ್ತಿಗೆಗೂ ಅಯ್ಯೋ ಎನಿಸಿತು. ಆದರೆ ಅವನು ಬಾಯಿ ಬಿಟ್ಟು ಹೇಳಿದ್ದು ಇಷ್ಟು: “ನೋಡಿದ್ರಾ ಅತ್ತಿಗೆ, ಫುಲ್ ಇಟ್ರೂ ಸ್ವಲ್ಪಾನೂ ಒಡೆಯಲ್ಲ ಸೌಂಡು.”

 ಮರುದಿನ ಅತ್ತಿಗೆ ಕಾರು ತರಿಸಿ, ಬಾಗಿಲಿನ ಹೊದಿಕೆಯನ್ನು ತಾನೇ ಕಳಚಿ ಮೇಜಿನ ಮೇಲಿಟ್ಟು, ಮತ್ತೆ ಗುರುತು ಹಾಕಿ, ಪಕ್ಕದಲ್ಲಿ ನಿಂತು ಅವನಿಂದಲೇ ಕೊರೆಸಿದಳು. ಅವನು ಹೊರಗೆ ಕತ್ತು ಹೊರಳಿಸಿದಾಗಲೆಲ್ಲ “ಇಲ್ನೋಡು” ಎಂದಳು. ಬೇಕರಿಯವಳು ಕೂತು ಬೆರಳಲ್ಲಿ ನಾಬು ತಿರುಗಿಸಿದಳು, ಸದ್ದು ತಗ್ಗಿತು, ಹೊರಟುಹೋದಳು. ಡ್ಯಾಶ್‌ಬೋರ್ಡಿನ ಹಳೆಯ ತೂತಿಗೆ ಅತ್ತಿಗೆ ರೆಕ್ಸಿನ್ನಿನ ತೇಪೆ ಹಾಕಿದ್ದಳು. ಎಷ್ಟೇ ಅಚ್ಚುಕಟ್ಟಾಗಿದ್ದರೂ ತೇಪೆ ತೇಪೆಯೇ.

ವಾರ ಕಳೆಯುವಷ್ಟರಲ್ಲಿ ತಜ್ಞ ಆ ಕತೆಯನ್ನು ತಿರುಗಿಸಿ ಹೇಳಲು ಶುರುಮಾಡಿದ್ದ. ಗಿರಾಕಿಗೆ ಕೆಲಸ ಎಷ್ಟು ಹಿಡಿಸಿತೆಂದರೆ ತನ್ನನ್ನು ಕೂರಿಸಿಕೊಂಡು ಊರೆಲ್ಲ ಮೆರೆಸಿದಳಂತೆ. ಅದನ್ನು ಕೇಳಿದ ದಿನವೇ ಅತ್ತಿಗೆ ಅವನ ಬೋರ್ಡನ್ನು ಇಳಿಸಿ ಗೋಡೆಗೆ ಒರಗಿಸಿಟ್ಟಳು. ಅವನು ಎದುರು ಬೀದಿಯಲ್ಲಿ ಅಂಗಡಿ ಹಿಡಿದ. ಕೆಟ್ಟು ಹೋದನೇ ಎಂದರೆ ಅದೂ ಇಲ್ಲ. ತಮ್ಮ ಕಾರಿಗೆ ತೂತು ಬೇಕೆಂದು ಸಾಲಾಗಿ ನಿಲ್ಲುವವರಿಗೆ ಯಾವ ಊರಲ್ಲಿ ಬರ?

ಲಾರಿ ಇಳಿದು ಮನೆಗೆ ಬಂದ ಗಂಡ, ತಮ್ಮನನ್ನು ಯಾಕೆ ಆಚೆ ಹಾಕಿದೆ, ಕೈಕೆಲಸ ಅಷ್ಟು ಕೆಟ್ಟದ್ದೇ ಎಂದು ಕೇಳಿದ.

“ಕೈಯೇನೋ ಇದೆ ರೀ. ಅವನಿಗೆ ಕಿವಿಯೇ ಇಲ್ಲ” ಎಂದಳು.

ಗಂಡ ಕಾಲು ತೊಳೆದು ಊಟಕ್ಕೆ ಕೂತ.