ಹುಳುಮನೆಯ ಬಾಣಂತಿ

ನಮ್ಮ ಮನೆಯಲ್ಲಿ ಇರುವುದು ಒಂದೇ ಒಂದು ರೂಮ್ ಹೀಟರ್. ಅದು ನನಗಲ್ಲ, ರೇಷ್ಮೆ ಹುಳುಗಳಿಗೆ!

ಮೇಲೂರಿನ ಚಳಿ ಗೊತ್ತಲ್ಲ? ನಾವು ಮಫ್ಲರ್ ಸುತ್ತಿಕೊಂಡು ಗಡಗಡ ನಡುಗುತ್ತಿದ್ದರೆ, ಹಿತ್ತಲಿನ ಹುಳುಮನೆಯಲ್ಲಿ ಹುಳುಗಳು ಬೆಚ್ಚಗೆ ಸೊಪ್ಪು ಮೇಯುತ್ತಿರುತ್ತವೆ. (ಮುಂದಿನ ಜನ್ಮವಿದ್ದರೆ ನಾನು ಹುಳುವಾಗಿಯೇ ಹುಟ್ಟುತ್ತೇನೆ.) ಈ ಗುಟ್ಟು ನಮ್ಮ ಹಿತ್ತಲ ಮರದ ಅಳಿಲಿಗೂ ಗೊತ್ತಾಗಿಬಿಟ್ಟಿದೆ.

ಬಿಸಿಲು ಬರುವವರೆಗೆ ಅದರ ಸುಳಿವಿಲ್ಲ. ಬಂದ ಮೇಲೆ ಕಾಂಪೌಂಡಿನ ಮೇಲೆ ನಾಲ್ಕೂ ಕಾಲು ಚಾಚಿ ಬೋರಲು ಬಿದ್ದಿರುತ್ತದೆ. ಆಮೇಲೆ ಕೆಲಸ ಶುರು. ಒಣಹಾಕಿದ ನನ್ನ ಸ್ವೆಟರಿನ ಉಣ್ಣೆ, ಗೋಣಿಚೀಲದ ನಾರು, ಹಳೇ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಅಂಟಿದ ರೇಷ್ಮೆ ಎಳೆ. ಬಾಯಿತುಂಬ ಕಚ್ಚಿಕೊಂಡು ಎಲ್ಲಿಗೆ ಓಡುತ್ತದೆ?

ಹೋದ ವಾರ ಗೊತ್ತಾಯಿತು. ಹುಳುಮನೆಯಲ್ಲೇ, ಹೀಟರಿನ ಬಿಸಿ ತಾಗುವ ಮುಂದಿನ ಕೋಣೆಯ ವೆಂಟಿಲೇಟರ್ ಮೂಲೆಯಲ್ಲಿ ಗೂಡು. ಒಳಗೆ ಇನ್ನೂ ಕಣ್ಣು ಬಿಡದ ಮೂರು ಮರಿಗಳು.

ಯಜಮಾನರು ಕೋಲು ತಂದರು. "ಒಳಕ್ಕೆ ನುಗ್ಗಿದ್ರೆ ಹುಳ ಎಲ್ಲಾ ತಿಂದಾಕ್ಬಿಡ್ತದೆ ಕಣಮ್ಮ. ತೆಗ್ದು ಆಚೆ ಹಾಕಣ." ತಪ್ಪೇನಿಲ್ಲ. ಇಡೀ ಬೆಳೆಯೇ ಅಲ್ಲಿದೆ.

ಅತ್ತೆ ಕೋಲು ಕಿತ್ತುಕೊಂಡರು. "ಬಾಣಂತಿ ಕಣೋ ಅದು! ಈ ಚಳೀಲಿ ಬಾಣಂತೀನ ಯಾರಾದ್ರೂ ಆಚೆ ಹಾಕ್ತಾರೇನೋ?"

ಅಲ್ಲಿಗೆ ಕೇಸ್ ಕ್ಲೋಸ್. ಯಜಮಾನರು ಒಳಬಾಗಿಲಿಗೆ ಇನ್ನೊಂದು ಪದರ ನೈಲಾನ್ ಬಲೆ ಹೊಡೆದರು. ಅತ್ತೆ ಕಿಟಕಿಯಲ್ಲಿ ಕಡಲೆಕಾಯಿ ಬೀಜ ಇಟ್ಟರು. (ನನ್ನ ಬಾಣಂತನದಲ್ಲಿ ಇಷ್ಟು ಉಪಚಾರ ನಡೆದಿತ್ತೇ? ಬೇಡ ಬಿಡಿ, ಅತ್ತೆ ಈ ಅಂಕಣ ಓದುತ್ತಾರೆ.)

ಇದನ್ನೆಲ್ಲ ರತ್ನ ನೋಡುತ್ತಾ ನಿಂತಿದ್ದಳು. ದಿನಾ ಬೆಳಗ್ಗೆ ನಮ್ಮ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯಲು ಬರುವವಳು. ಕೈಗೂಸಿನ ತಾಯಿ. ಮಂಜು ಸುರಿಯುವ ಹೊತ್ತಿನಲ್ಲೇ ಕೂಸನ್ನು ಹೊಂಗೆಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿಸಿ ಕೆಲಸಕ್ಕಿಳಿಯುತ್ತಿದ್ದಳು. ಆಗಲೇ ಒಂದು ವಾರದಿಂದ ಅದಕ್ಕೆ ಕೆಮ್ಮಿತ್ತು.

ನಗುತ್ತಲೇ ಕೇಳಿದಳು: "ಅಮ್ಮಾ, ನಮ್ ಪಾಪೂನೂ ಅಳಿಲು ಪಕ್ಕ ಒಂದ್ ಮೂಲೇಲಿ ಮಲಗಿಸ್ಲಾ?"

ಹೊರಗಿನವರನ್ನು ಹುಳುಮನೆಗೆ ಬಿಡುವ ಪದ್ಧತಿಯಿಲ್ಲ. ಹುಳುಗಳಿಗೆ ರೋಗ ತಗಲುತ್ತದೆ, ಪೌಡರ್ ವಾಸನೆಯೂ ಆಗಿಬರುವುದಿಲ್ಲ ಎನ್ನುತ್ತಾರೆ. ಎಲ್ಲ ಸರಿಯೇ. ಆದರೂ ನನಗೆ ತಲೆ ಎತ್ತಲಾಗಲಿಲ್ಲ.

ಕೊನೆಗೆ ಅತ್ತೆಯೇ ಕೇಳಿದರು. "ಮಗೀಗೆ ಪೌಡರ್ ಹಾಕಿದೀಯೇನೇ?"

"ಇಲ್ಲಮ್ಮ."

"ಮತ್ತಿನ್ನೇನು? ಕಾಲು ತೊಳ್ಕೊಂಡು ಎತ್ಕೊಂಡ್ ಬಾ."

ಈಗ ಆ ಕೋಣೆಯಲ್ಲಿ ಮೇಲೆ ಮೂರು ಮರಿ, ಕೆಳಗೆ ಒಂದು ಮಗು. ಕೆಮ್ಮು ಇಳಿದಿದೆ. ಹುಳುಗಳಿಗೂ ಏನೂ ಆಗಿಲ್ಲ. ಅತ್ತೆಯನ್ನು ಊರೆಲ್ಲ ಹೊಗಳುತ್ತಿದೆ, ಹೊಗಳಲಿ.

ಅಳಿಲು ಯಾರನ್ನೂ ಕೇಳದೆ ಒಳಗೆ ಬಂತು. ರತ್ನ ಯಾಕೆ ಕೇಳಬೇಕಾಯಿತು?