ಮನೆಯವರನ್ನೇ ಕಡಿಯುವ ರಾಜಾ

ಮಟಕಿಯ ಗುರಮ್ಮ ತಮ್ಮ ನಾಯಿ ರಾಜಾನನ್ನು ಆಳಂದದ ನಮ್ಮ ಪಶು ದವಾಖಾನೆಗೆ ಆಟೋದಲ್ಲಿ ತಂದರು. ಅದರ ಕಣ್ಣುಗಳು ಹಳದಿಯಾಗಿದ್ದವು. ಮನುಷ್ಯರ ಕಾಮಾಲೆಗೆ, ಅಂದರೆ ಕಾಮಣಿಗೆ, ಮಾಡುವಂತೆ ಬೇರಿನ ಔಷಧಿ ಕುಡಿಸಿ, ವಾರವಿಡೀ ಉಪ್ಪು, ಖಾರ, ಎಣ್ಣೆ ಬಿಡಿಸಿ ಮಜ್ಜಿಗೆ ಅನ್ನದ ಪಥ್ಯದಲ್ಲಿ ಇಟ್ಟಿದ್ದರಂತೆ. ನಾಯಿಗೆ ಏಳುವ ತ್ರಾಣವೂ ಇರಲಿಲ್ಲ.

ರಕ್ತ ಪರೀಕ್ಷೆಯ ವರದಿ ನೋಡಿ ನನಗೇ ಅಚ್ಚರಿಯಾಯಿತು.

"ಇದು ಬರೇ ಕಾಮಣಿ ಅಲ್ರಿ. ರೋಗ ಓಡಸಬೇಕಾದ ಮೈಯಾಗಿನ ಕಾವಲಿನವರು ಅದರ ರಕ್ತಾನೇ ವೈರಿ ಅಂತ ತಿಳದು ಕೊಲ್ಲಾಕತ್ತಾರ."

ಗುರಮ್ಮ ಅಳುತ್ತಾರೆಂದು ನೀರಿನ ಗ್ಲಾಸು ಹಿಡಿದು ನಿಂತೆ. ಅವರು ಸುಮ್ಮನೆ ತಲೆಯಾಡಿಸಿದರು.

"ಇರಬೇಕ್ರಿ ಡಾಕ್ಟರ್. ಇದು ಮೊದಲಿಂದ ಹಂಗೇ ಅದ. ಕಳ್ಳ ಬಂದ್ರ ಬಾಲ ಅಲ್ಲಾಡಸ್ತದ, ನಮ್ಮನ್ನ ಕಡೀತದ."

"ಮತ್ತ್ಯಾಕ ಸಾಕೀರಿ?"

"ನಮ್ಮ ಮನ್ಯಾಗ ಎಲ್ಲಾರೂ ಹಂಗೇ ಅದೇವ್ರಿ."

ಎರಡು ತಿಂಗಳು ಗುಳಿಗೆ ನುಂಗಿ ರಾಜಾ ಬದುಕಿತು. ನೋಡಿ ಬರಲು ಮಟಕಿಗೆ ಹೋದರೆ, ಓಡಿ ಬಂದು ನನ್ನ ಮೀನಖಂಡಕ್ಕೇ ಬಾಯಿ ಹಾಕಿತು. ಗುರಮ್ಮನ ಮುಖ ಅರಳಿತು.

"ಖುಷಿಪಡ್ರಿ ಡಾಕ್ಟರ್! ನಿಮ್ಮನ್ನೂ ಮನಿಯವರಂತ ತಿಳಕೊಂಡದ!"

ಸರಕಾರಿ ಆಸ್ಪತ್ರೆಯಲ್ಲಿ ನನಗೆ ನಾಯಿ ಕಡಿತದ ಇಂಜೆಕ್ಷನ್ ಚುಚ್ಚುವಾಗ ನರ್ಸ್ ಕೇಳಿದಳು, "ಯಾರ ನಾಯಿ ಕಡೀತ್ರಿ?"

"ನಮ್ಮನಿದೇ" ಎಂದೆ.