ಹೆಂಡತಿಯಿಲ್ಲದ ಸಂಸಾರಸ್ಥ

ರಾಣೆಬೆನ್ನೂರಿನಲ್ಲಿ ಬಸ್ಸಿಳಿದ ಮೂರನೆಯ ದಿನ ನನಗೆ ಮದುವೆಯಾಯಿತು. ಹೆಣ್ಣು ಇರಲಿಲ್ಲ, ವಾಲಗ ಇರಲಿಲ್ಲ, ಊಟವಂತೂ ಇಲ್ಲವೇ ಇಲ್ಲ. ಇದ್ದದ್ದು ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಗಂಗವ್ವ, ಟ್ರಂಕು ಹಿಡಿದು ನಿಂತಿದ್ದ ನಾನು, ಆಕೆಯ ಒಂದು ಪ್ರಶ್ನೆ.

"ಲಗ್ನ ಆಗೇತೇನ್ರಿ?"

ಎರಡು ದಿನದಲ್ಲಿ ಏಳು ಮನೆ ನೋಡಿದ್ದೆ. ಏಳೂ ಕಡೆ ಇದೇ ಪ್ರಶ್ನೆ. ಇಲ್ಲ ಎಂದ ಕೂಡಲೇ "ಸಂಸಾರಸ್ಥರಿಗಷ್ಟ ಕೊಡ್ತೀವ್ರಿ" ಎಂದು ಬಾಗಿಲು. ಎಂಟನೆಯ ಮನೆಯ ಹೊತ್ತಿಗೆ ಕಾಲು ಸೋತಿತ್ತು, ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು ಬಂದಿತ್ತು. "ಆಗಿದೆ" ಎಂದುಬಿಟ್ಟೆ.

"ಹೆಸರೇನ್ರಿ ಆಕೀದು?"

"ಲಲಿತಾ."

ನನ್ನ ಬಳಗದಲ್ಲಿ ಲಲಿತಾ ಎನ್ನುವವರು ಯಾರೂ ಇಲ್ಲ. ಆ ಹೆಸರು ಬಾಯಿಗೆ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಗಂಗವ್ವ ನನ್ನ ಕಣ್ಣೀರು ನೋಡಿ, ಹೆಂಡತಿಯನ್ನು ನೆನೆದು ಅಳುತ್ತಿದ್ದಾನೆ ಎಂದುಕೊಂಡು ಮರುಗಿದರು. ಹಿತ್ತಲ ಕಡೆಯ ಕೋಣೆ ನನಗೆ ಸಿಕ್ಕಿತು.

ಇದು ಎಂಬತ್ತರ ದಶಕದ ಕೊನೆಯ ಮಾತು. ನಾನು ಮದ್ದೂರಿನ ಕಡೆಯವನು, ಆಗ ಇಪ್ಪತ್ತನಾಲ್ಕು ವಯಸ್ಸು. ಹತ್ತಿಯ ಹೈಬ್ರಿಡ್ ಬೀಜ ಮಾಡಿಸುವ ಒಂದು ಕಂಪನಿ ನನ್ನನ್ನು ಇಲ್ಲಿಗೆ ಹತ್ತಿರದ ಕುಪ್ಪೇಲೂರಿನ ಹೊಲಗಳ ಮೇಲ್ವಿಚಾರಣೆಗೆ ಕಳಿಸಿತ್ತು. ನಮ್ಮ ಕಡೆ ಕಬ್ಬು, ಭತ್ತ ನೋಡಿ ಬೆಳೆದವನಿಗೆ ಆ ಕೆಲಸವೇ ಒಂದು ವಿಚಿತ್ರ. ಸಂಜೆ ಹೆಣ್ಣುಮಕ್ಕಳು ಸಾಲು ಹಿಡಿದು, ಮರುದಿನ ಅರಳುವ ಮೊಗ್ಗನ್ನು ಉಗುರಿನಿಂದ ಸೀಳಿ ಒಳಗಿನ ಗಂಡು ಭಾಗವನ್ನು ತೆಗೆದುಹಾಕಬೇಕು. ಗುರುತಿಗೆ ಕೆಂಪು ಕಾಗದದ ಟೊಪ್ಪಿ ತೊಡಿಸಬೇಕು. ಬೆಳಿಗ್ಗೆ ಬೇರೆ ಜಾತಿಯ ಹತ್ತಿಯ ಹೂ ತಂದು ಅದಕ್ಕೆ ಸವರಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಬೇಡದ ಗಂಡು ಎಲ್ಲೂ ಉಳಿಯದಂತೆ ನೋಡುವುದೇ ನನ್ನ ನೌಕರಿ. ಮೊದಲ ದಿನ ನಾನು ಗಂಭೀರವಾಗಿ ಮೊಗ್ಗು ಬಿಡಿಸಿ ನೋಡುತ್ತಿದ್ದಾಗ, ಹುಡುಗಿಯರ ಮುಂದಾಳು ಶಾಂತಾ ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಸಾಹೇಬ್ರ, ಯಾವುದು ಗಂಡು ಯಾವುದು ಹೆಣ್ಣು ನಿಮಗರ ಗೊತ್ತಾಗತೈತೇನ್ರಿ?" ಇಡೀ ಹೊಲ ನಕ್ಕಿತು.

ಮೊದಲ ತಿಂಗಳು ಕಷ್ಟವಾಯಿತು. ನಮ್ಮಲ್ಲಿ ಮುದ್ದೆಯನ್ನು ನುಂಗುತ್ತೇವೆ, ಇಲ್ಲಿ ರೊಟ್ಟಿಯನ್ನು ಅಗಿಯಬೇಕು. ವಾರವೆಲ್ಲ ದವಡೆ ನೋವು. ನಾನು "ಬತ್ತೀನಿ ಕಣ್ರೀ" ಎಂದರೆ ಮಕ್ಕಳು ಹಿಂದೆ ಬಂದು ಅಣಕಿಸುತ್ತಿದ್ದವು. ಎಲ್ಲಕ್ಕಿಂತ ಕಾಡಿದ್ದು 'ಖರೇ' ಎಂಬ ಮಾತು. ಖರೇ ಎಂದರೆ ನಿಜ. ಇಲ್ಲಿಯವರು ನೀವು ಏನೇ ಹೇಳಿದರೂ "ಖರೇನ?" ಎನ್ನುತ್ತಾರೆ. ನಮ್ಮೂರಲ್ಲಿ "ಹೌದಾ" ಎಂದು ಹೂಂಗುಟ್ಟುವ ಹಾಗೆ, ಅಷ್ಟೇ. ನನಗೆ ಮಾತ್ರ ಪ್ರತಿ ಸಲವೂ ಎದೆ ಧಸಕ್ಕೆನ್ನುತ್ತಿತ್ತು. ಸುಳ್ಳನಿಗೆ ಈ ಊರಿನಲ್ಲಿ ನೆಮ್ಮದಿಯಿಲ್ಲ.

ಸಂಸಾರಸ್ಥ ಎಂಬ ಹೆಸರು ಬಾಡಿಗೆ ಕೋಣೆಗೆ ಮಾತ್ರ ಸಾಕಾಗಿದ್ದರೆ ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಸೈಕಲ್ ಶಾಪಿನ ರಫೀಕ್ ಒಂದು ದಿನ ಪಂಕ್ಚರ್ ಹಾಕುತ್ತಾ ಮುಖ ಸಣ್ಣದು ಮಾಡಿಕೊಂಡು ಹೇಳಿದ: "ಸಾಬ್, ನೀವು ಸಂಸಾರಸ್ಥರು, ಅದಕ್ಕ ಕೇಳಾಕತ್ತೇನಿ. ನಮ್ಮಾಕಿ ಸಿಟ್ಟ ಮಾಡ್ಕೊಂಡು ಹಾವೇರಿಗೆ ತವರಮನಿಗೆ ಹೋಗಿ ತಿಂಗಳಾತು. ಅಡಿಗಿ ನೋಡಿ ನಕ್ಕಿದ್ದೆ, ಅಷ್ಟ." ನನಗೇನು ಗೊತ್ತು? ಆದರೆ ಬಾಯಿ ಸುಮ್ಮನಿರಲಿಲ್ಲ. "ನಮ್ಮ ಲಲಿತಾನೂ ಹೀಗೇನೇ. ಹೋಗಿ 'ತಪ್ಪಾಯ್ತು' ಅನ್ನಿ. ಯಾಕೆ ನಕ್ಕೆ ಅಂತ ವಿವರ್ಸೋಕೆ ಹೋಗ್ಬೇಡಿ" ಎಂದೆ. ಅದು ನಮ್ಮಪ್ಪ ಮಾಡುತ್ತಿದ್ದ ಉಪಾಯ. ನಾಲ್ಕನೆಯ ದಿನ ರಫೀಕನ ಹೆಂಡತಿ ನಸೀಮಾ ಹಾವೇರಿ ಬಸ್ಸಿನಿಂದ ಇಳಿದಳು. ನನ್ನ ಸೈಕಲ್ಲಿಗೆ ಅಂದಿನಿಂದ ಗಾಳಿ ಪುಕ್ಕಟೆ.

ರಫೀಕ್ ಸುಮ್ಮನಿರುವ ಗಿರಾಕಿಯಲ್ಲ. ಬಂದ ಗಿರಾಕಿಗಳಿಗೆಲ್ಲ ನನ್ನ ಗುಣಗಾನ ಮಾಡಿದ. ಆಮೇಲೆ ಬಂದವರು ಗಂಗವ್ವನ ಗಂಡ ಚನ್ನಬಸಪ್ಪನವರೇ. ಅವರು ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ತೂಗುವವರು. ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಗಂಡ ಹೆಂಡತಿಗೆ ಆರು ತಿಂಗಳಿಂದ ಮಾತಿಲ್ಲ, ಕಾರಣ ಇಬ್ಬರಿಗೂ ಮರೆತಿತ್ತು. ಗಂಗವ್ವ ಅಡುಗೆಮನೆಯಿಂದ "ತಮ್ಮಾ, ಜಳಕಕ್ಕ ನೀರು ಕಾದಾವಂತ ಅವ್ರಿಗೆ ಹೇಳು" ಎನ್ನುವುದು, ನನ್ನ ಪಕ್ಕದಲ್ಲೇ ನಿಂತ ಅವರು "ಬರ್ತೀನಂತ ಹೇಳಪಾ" ಎನ್ನುವುದು. "ಮೊದ್ಲ ಯಾರ ಮಾತಾಡಬೇಕಪಾ? ನಿಮ್ಮ ಮನ್ಯಾಗ ಹೆಂಗ?" ಎಂದು ಅರವತ್ತರ ಮುದುಕರು ಕೇಳಿದರೆ ನಾನು ಗಡ್ಡ ಕೆರೆದುಕೊಂಡು ಉಪದೇಶ ಮಾಡಿದೆ. ಈಗ ನೆನೆದರೆ ಮೈ ಬೆವರುತ್ತದೆ.

ಅದೇ ಹೊತ್ತಿಗೆ ಗಂಗವ್ವನ ಕಾಟ ಶುರುವಾಯಿತು. ಲಲಿತಾ ಯಾಕೆ ಬರಲೊಲ್ಲಳು? ಹುಷಾರಿಲ್ಲ ಎಂದೆ. ಆಕೆಯ ಮುಖ ಅರಳಿತು. "ಎಷ್ಟ ತಿಂಗಳ?" ಎಂದರು. ನಾನು ತಡವರಿಸಿ "ಮೂರು" ಎಂದೆ. ಆ ಶನಿವಾರವೇ ಅವರು ಕದರಮಂಡಲಗಿಗೆ ಹೋಗಿ, ಕಂಡು ಕೇಳದ ನನ್ನ ಹೆಂಡತಿಯ ಸುಖವಾದ ಹೆರಿಗೆಗೆ ಹನುಮಪ್ಪನಿಗೆ ಹರಕೆ ಹೊತ್ತು ಬಂದರು. ಕುಂಕುಮ, ಕಲ್ಲುಸಕ್ಕರೆ ನನ್ನ ಕೈಗಿತ್ತರು. ನಾನು ಕಣ್ಣಿಗೊತ್ತಿಕೊಂಡೆ.

ಇನ್ನು ಹನುಮಂತನ ವಿಷಯ. ಅವನು ನನ್ನ ಜೊತೆಯ ನೌಕರ, ಈ ಸೀಮೆಯವನೇ. ಹೊಲ, ದಾರಿ, ಮಾತು, ಎಲ್ಲ ನನಗೆ ಕಲಿಸಿದವನು. ಅವನಿಗೆ ಶಾಂತಾ ಎಂದರೆ ಜೀವ. ಎರಡು ವರ್ಷದಿಂದ ನೋಡುತ್ತಿದ್ದಾನೆ, ಬಾಯಿ ಬಿಟ್ಟಿಲ್ಲ. "ಸರ, ನಿಮಗ ಅನುಭವ ಐತಿ. ಹೆಂಗ ಕೇಳ್ಬೇಕು ಹೇಳ್ರಿ" ಎಂದ. ಶಾಂತಾ ಗಂಗವ್ವನ ತಮ್ಮನ ಮಗಳು. ಭಾನುವಾರದ ಸಂತೆಗೆ ಬಂದಾಗ ಅತ್ತೆಯ ಮನೆಗೆ ಬರುತ್ತಿದ್ದಳು. ಮದುವೆಯಾದವನೆಂದೇ ನನ್ನೊಡನೆ ಅಂಜಿಕೆಯಿಲ್ಲದೆ ಕೂತು ಮಾತಾಡುತ್ತಿದ್ದಳು. ಒಂಟಿ ಹುಡುಗನಾಗಿದ್ದರೆ ಎದುರಿಗೂ ನಿಲ್ಲುತ್ತಿರಲಿಲ್ಲ. ಆ ನಂಬಿಕೆಯನ್ನೇ ನಾನು ಬೇರೆ ಏನೋ ಎಂದು ಎಣಿಸತೊಡಗಿದೆ. ಅವಳು ನಕ್ಕರೆ ನನಗಾಗಿ ನಕ್ಕಳು ಎನ್ನಿಸುತ್ತಿತ್ತು. ಭಾನುವಾರ ಬೇಗ ಬರಲಿ ಎಂದು ಕಾಯುತ್ತಿದ್ದೆ.

ಒಂದು ಭಾನುವಾರ ಅವಳೇ ಕೇಳಿದಳು. "ಸಾಹೇಬ್ರ, ನೀವೂ ಹನುಮಂತನೂ ಜೋಡಿ ಇರ್ತೀರಿ. ಅವ ನೋಡ್ತಾನ, ಮಾತಾಡಂಗಿಲ್ಲ. ಅವನ ಮನಸ್ನಾಗ ಏನೈತಿ?"

ನೀನೇ ಇದ್ದೀಯ ಎನ್ನಬೇಕಿತ್ತು. ಅಷ್ಟು ಸಾಕಿತ್ತು. ನಾನು ಹೇಳಿದ್ದು ಇದು: "ಅವನಿಗೆ ಅವರಕ್ಕನ ಮಗಳನ್ನ ಗೊತ್ತು ಮಾಡಿದ್ದಾರೆ."

"ಖರೇನ?"

ಆ ಸಲ ಅದು ಹೂಂಗುಟ್ಟುವ ಮಾತಾಗಿರಲಿಲ್ಲ. ನಾನು "ನಿಜ" ಎಂದೆ. ಅವಳು ಚೀಲ ಎತ್ತಿಕೊಂಡು ಕುಪ್ಪೇಲೂರು ಬಸ್ಸಿಗೆ ಹೊರಟುಹೋದಳು. ಹನುಮಂತನಿಗೆ ಮರುದಿನ, "ಸೀಜನ್ ಮುಗೀಲಿ, ಈಗ ಕೇಳಿದ್ರೆ ಕೆಟ್ಟೋಗುತ್ತೆ" ಎಂದು ಹೇಳಿ ಅವನ ಬಾಯಿಗೂ ಬೀಗ ಹಾಕಿದೆ.

ಇದರಿಂದ ನನಗೇನು ಲಾಭ? ನಾನೂ ಕೇಳುವ ಹಾಗಿರಲಿಲ್ಲ, ಅವನಿಗೂ ಬಿಡಲಿಲ್ಲ. ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಲಲಿತಾಳನ್ನು ಹೆರಿಗೆಯಲ್ಲಿ ಸಾಯಿಸಿಬಿಟ್ಟರೆ ಹೇಗೆ ಎಂದು ಕೂಡ ಲೆಕ್ಕ ಹಾಕಿದ್ದೆ. ಹೆಂಡತಿ ತೀರಿಕೊಂಡವನ ಮೇಲೆ ಶಾಂತಾಗೆ ಕನಿಕರ ಹುಟ್ಟದೇ? ಒಳಗೆ ಗಂಗವ್ವ ಅದೇ ಹೆರಿಗೆಗಾಗಿ ದೀಪ ಹಚ್ಚುತ್ತಿದ್ದರು. ಇಲ್ಲದ ಹೆಂಗಸಿನ ಸಾವನ್ನು ಬಯಸಿದ್ದಕ್ಕೆ ಪಾಪ ಬರುತ್ತದೆಯೋ ಇಲ್ಲವೋ, ನನಗಂತೂ ನಾಚಿಕೆ ಬಂದು ಅಂಟಿಕೊಂಡಿದೆ.

ಅಕ್ಟೋಬರ್ ಹೊತ್ತಿಗೆ ಬ್ಯಾಡಗಿಯಿಂದ ಶಾಂತಾಗೆ ಸಂಬಂಧ ಬಂತು. ಹುಡುಗ ಮೆಣಸಿನಕಾಯಿ ಅಂಗಡಿಯಲ್ಲಿ ಗುಮಾಸ್ತ. ಅವಳು ಹೂಂ ಎಂದಳಂತೆ. ಮುಂದಿನ ಗುರುವಾರ ವೀಳ್ಯೆ, ನಮ್ಮ ಕಡೆಯ ನಿಶ್ಚಿತಾರ್ಥ, ಎಂದು ಗೊತ್ತಾಯಿತು. ಹನುಮಂತ ಹೊಲದ ಬದುವಿನ ಮೇಲೆ ಕೂತ. ಬುತ್ತಿ ಬಿಚ್ಚಲಿಲ್ಲ. ನಾನು ಪಕ್ಕದಲ್ಲಿ ಕೂತು ಉಂಡೆ.

ವೀಳ್ಯೆಯ ಹಿಂದಿನ ಭಾನುವಾರ ಬೆಳಿಗ್ಗೆ ಬಚ್ಚಲಿನಿಂದ ಬಂದರೆ, ಪಡಸಾಲೆಯಲ್ಲಿ ದೊಡ್ಡ ಬುಟ್ಟಿ. ಹಸಿರು ಸೀರೆ, ಖಣ, ಹಸಿರು ಬಳೆ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಡಬ್ಬಿ ತುಂಬ ಉಂಡಿ. ಐದನೆಯ ತಿಂಗಳಿಗೆ ಬಸುರಿಗೆ ಇಲ್ಲಿ ಕುಬಸ ಮಾಡುತ್ತಾರೆ. ನಮ್ಮ ಸೀಮಂತದ ಹಾಗೆ. ಗಂಗವ್ವ ಹೊಸ ಸೀರೆಯುಟ್ಟು ನಿಂತಿದ್ದರು. ರಫೀಕ್ ಬುಟ್ಟಿ ಹೊರಲು ಬಂದಿದ್ದ. ಬಸ್ಸಿನವರೆಗೆ ಕಳಿಸಲು ಶಾಂತಾ ಬಂದಿದ್ದಳು. ಚನ್ನಬಸಪ್ಪನವರು ಕಂಬಕ್ಕೊರಗಿ ಕೂತಿದ್ದರು.

"ನಿನಗ ಸೀಜನ್ನ್ಯಾಗ ಸೂಟಿ ಸಿಗಂಗಿಲ್ಲ. ಅದಕ್ಕ ನಾನ ಮದ್ದೂರಿಗೆ ಹೊಂಟೇನಿ. ಪಾಪ, ಹುಡುಗಿಗೆ ಈ ಕಡೆಯವ್ರು ಯಾರೂ ಇಲ್ಲ ಅನಸಬಾರದು. ಲಗೂ ವಿಳಾಸ ಬರಕೊಡು ತಮ್ಮಾ."

ಅವರು ಕೈಗಿಟ್ಟ ಪೆನ್ನು ಇತ್ತು, ಬರೆಯಲು ಊರಿತ್ತು, ಹೆಂಗಸಿರಲಿಲ್ಲ. "ಅವ್ವಾರೇ, ಲಲಿತಾ ಅಂತ ಯಾರೂ ಇಲ್ಲ. ನನಗೆ ಮದುವೇನೇ ಆಗಿಲ್ಲ" ಎಂದೆ.

ಗಂಗವ್ವ ಮೆಲ್ಲಗೆ ಬುಟ್ಟಿಯ ಪಕ್ಕ ಕುಳಿತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕೇಳಿದರು: "ಹಂಗಾರ ಕೂಸೂ ಇಲ್ಲೇನೋ ತಮ್ಮಾ?"

"ಇಲ್ಲ ಅವ್ವಾರೇ."

ಆಕೆಯ ಕಣ್ಣಲ್ಲಿ ನೀರು ಬಂತು. ಹುಟ್ಟದ, ಹುಟ್ಟಲಾರದ ಮಗುವಿಗೆ ಅತ್ತವರನ್ನು ನಾನು ನೋಡಿದ್ದು ಅದೊಂದೇ ಸಲ. ಅಷ್ಟರಲ್ಲಿ ಶಾಂತಾ ಮುಂದೆ ಬಂದಳು. ನನ್ನನ್ನೇ ನೋಡುತ್ತಿದ್ದಳು.

"ಹಂಗಾರ ಹನುಮಂತನ ಅಕ್ಕನ ಮಗಳೂ ಇಲ್ಲೇನ್ರಿ?"

ತಲೆ ಎತ್ತಲು ಆಗಲಿಲ್ಲ. "ಇಲ್ಲ" ಎಂದೆ.

ಅವಳು ಚಪ್ಪಲಿ ಮೆಟ್ಟಿ ಹೊರಟಳು. ಬ್ಯಾಡಗಿಯ ಸಂಬಂಧ ಮುರಿಯಲು ಅಪ್ಪನ ಕಾಲು ಹಿಡಿದಳಂತೆ, ಎರಡು ದಿನ ಊಟ ಬಿಟ್ಟಳಂತೆ. ವೀಳ್ಯೆ ನಿಂತಿತು. ಹನುಮಂತನಿಗೆ ಅವಳು ಏನು ಹೇಳಿದಳೋ ನನಗೆ ತಿಳಿಯದು. ಆ ವರ್ಷವೇ ಅವರಿಬ್ಬರ ಲಗ್ನವಾಯಿತು.

ಚನ್ನಬಸಪ್ಪನವರು ಅಂದು ಕಂಬ ಬಿಟ್ಟು ಎದ್ದು, ಎಂಟು ತಿಂಗಳ ಮೇಲೆ ಮೊದಲ ಸಲ ಹೆಂಡತಿಯ ಕಡೆ ತಿರುಗಿ, "ನೀನಽ ಅಲ್ಲೇನ, ಸಂಸಾರಸ್ಥನ ಬೇಕು ಅಂದಾಕಿ? ಅವನರ ಏನ ಮಾಡ್ಯಾನು?" ಎಂದರು. ಗಂಗವ್ವ ಒಂದು ಮಾತು ತಿರುಗಿ ಕೊಟ್ಟರು. ಜಗಳ ಮಧ್ಯಾಹ್ನದವರೆಗೆ ನಡೆದು, ಆಮೇಲೆ ಇಬ್ಬರೂ ಮಾತು ನಿಲ್ಲಿಸಲೇ ಇಲ್ಲ. ಆ ಹಸಿರು ಸೀರೆಯನ್ನೇ ಉಡಿಸಿ ಗಂಗವ್ವ ನಸೀಮಾಗೆ ಕುಬಸ ಮಾಡಿದರು. ಅವಳಿಗೆ ಆಗ ಖರೇನೇ ಐದು ತಿಂಗಳಾಗಿತ್ತು. ಉಂಡಿಗಳನ್ನು ಕ್ರಾಸಿಂಗ್ ಹುಡುಗಿಯರು ಹೊಲದಲ್ಲಿ ಹಂಚಿಕೊಂಡು ತಿಂದರು. "ತಗೋರಿ ಸಾಹೇಬ್ರ, ನಿಮ್ಮ ಮನಿಯವ್ರ ಬಸರಿನ ಉಂಡಿ" ಎಂದು ನನಗೂ ಒಂದು ಕೊಟ್ಟರು. ತಿಂದೆ, ಏನು ಮಾಡಲಿ? ಕೋಣೆ ಬಿಡಿ ಎಂದು ಮಾತ್ರ ಯಾರೂ ಹೇಳಲಿಲ್ಲ.

ವರ್ಷಗಳು ಕಳೆದವು. ಕಂಪನಿ ಬದಲಾಯಿತು, ಊರು ಬದಲಾಗಲಿಲ್ಲ. ಮದ್ದೂರಿಗೆ ಹೋದರೆ ನನ್ನ ಬಾಯಲ್ಲಿ "ಬರ್ರಿ, ಕುಂದ್ರಿ" ಬಂದು ಅಕ್ಕ ನಗುತ್ತಾಳೆ. "ಅವರಂಗೇ ಆಗೋದ್ಯಲ್ಲೋ" ಎಂದು ಅಮ್ಮ ಸಂಕಟಪಡುತ್ತಾಳೆ. ಇಲ್ಲಿ ನನ್ನನ್ನು ಯಾರೂ ಮೈಸೂರು ಕಡೆಯವನು ಎನ್ನುವುದಿಲ್ಲ. ಹಬ್ಬಕ್ಕೆ ಕರೆಯುವ ಮನೆಗಳಿವೆ. ಅದರಲ್ಲಿ ಮೊದಲನೆಯದು ಹನುಮಂತನದು. ಅವನ ಲಗ್ನದಲ್ಲಿ ಹೆಣ್ಣಿನ ಅಣ್ಣನ ಜಾಗದಲ್ಲಿ ನನ್ನನ್ನೇ ನಿಲ್ಲಿಸಿದರು. ಶಾಂತಾ ಬೇಡ ಎನ್ನಲಿಲ್ಲ. ಅಂದಿನಿಂದ ಸಾಹೇಬ್ರು ಎನ್ನುವುದನ್ನು ಬಿಟ್ಟು ಅಣ್ಣಾರ ಎನ್ನುತ್ತಾಳೆ.

ಹನುಮಂತನಿಗೆ ಹೆಣ್ಣು ಗೊತ್ತಾಗಿದೆ ಎಂದು ನಾನು ಯಾಕೆ ಸುಳ್ಳು ಹೇಳಿದೆ ಎಂದು ಅವಳು ಇವತ್ತಿನವರೆಗೂ ಕೇಳಿಲ್ಲ. ಆ ಸುಳ್ಳಿನ ವಿಷಯ ಗಂಡನಿಗೂ ಹೇಳಿಲ್ಲ. ಕಳೆದ ದೀಪಾವಳಿಗೆ ಹೋದಾಗ ಹನುಮಂತ, ಬಂದ ಬೀಗರ ಮುಂದೆ ನನ್ನ ಹೆಗಲ ಮೇಲೆ ಕೈ ಹಾಕಿ, ಎಂದಿನಂತೆ ಹೇಳಿದ: "ಇವ್ರು ಅವತ್ತ ನನ್ನ ಮನಸ್ನಾಗಿನ ಖರೇ ಇಕೀಗೆ ಹೇಳಲಿಲ್ಲಂದ್ರ ನಮ್ಮ ಲಗ್ನನ ಆಗ್ತಿದ್ದಿಲ್ಲ. ನಮ್ಮ ಪಾಲಿನ ದೇವರು."

ಶಾಂತಾ ಬಾಗಿಲಲ್ಲಿ ನಿಂತು ಅವನ ಮಾತು ಮುಗಿಯುವವರೆಗೆ ನನ್ನನ್ನೇ ನೋಡಿದಳು. ನಾನು ಅಲ್ಲ ಎನ್ನಲಿಲ್ಲ.

"ಊಟಕ್ಕ ಏಳ್ರಿ ಅಣ್ಣಾರ" ಎಂದಳು. ನಾನು ಎದ್ದು ಕೈ ತೊಳೆದು, ಮನೆಯವರ ಸಾಲಿನಲ್ಲಿ ಕುಳಿತೆ.